ಬಿಸಿನೀರು ಬೇಗ ಮುಗಿಯುವುದೇಕೆ?

ಬಚ್ಚಲೊಲೆಗೆ ಕಟ್ಟಿಗೆಯಿಟ್ಟು ತಾಮ್ರದ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಕಾಲದಲ್ಲಿ, ಮನೆಮಂದಿಯೆಲ್ಲರ ಸ್ನಾನ ಮುಗಿದ ಮೇಲೂ ಹಂಡೆಯ ತಳದಲ್ಲಿ ಒಂದಿಷ್ಟು ಬಿಸಿನೀರು ಉಳಿದಿರುತ್ತಿತ್ತು. ಈಗ ಬಹಳಷ್ಟು ಮನೆಗಳಲ್ಲಿ ಹಂಡೆಯ ಸ್ಥಾನವನ್ನು ವಿದ್ಯುತ್ ಗೀಸರ್ ಪಡೆದಿದೆ. ಅನುಕೂಲವೇನೋ ಹೆಚ್ಚಿತು, ಅದರೊಡನೆ ಒಂದು ಹೊಸ ದೂರೂ ಹುಟ್ಟಿಕೊಂಡಿತು. ಇಬ್ಬರ ಸ್ನಾನವಾಗುವಷ್ಟರಲ್ಲಿ ಬಿಸಿನೀರು ಮುಗಿದುಹೋಗುತ್ತದೆ. ಇದರ ಬಾಧೆ ತಟ್ಟುವುದು ಎಲ್ಲರ ಕೆಲಸ ಪೂರೈಸಿ ಕಡೆಗೆ ಸ್ನಾನಕ್ಕೆ ಹೋಗುವ ಗೃಹಿಣಿಗೆ, ಇಲ್ಲವೆ ಚಳಿ ತಾಳಲಾರದ ವೃದ್ಧರಿಗೆ. ಹೊಸ ಗೀಸರ್ ಕೊಳ್ಳುವುದೊಂದೇ ಪರಿಹಾರವೆಂದು ಹಲವರು ಭಾವಿಸುತ್ತಾರೆ. ಹಣ ವ್ಯಯಿಸುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು: ಬಿಸಿನೀರು ಮೊದಲಿನಿಂದಲೂ ಸಾಲುತ್ತಿರಲಿಲ್ಲವೋ, ಅಥವಾ ಈಚೆಗೆ ಸಾಲದಾಯಿತೋ?

ಮೊದಲಿನಿಂದಲೂ ಸಾಲದಿದ್ದರೆ ದೋಷ ಗೀಸರಿನದಲ್ಲ, ಲೆಕ್ಕದ್ದು. 15 ಲೀಟರ್ ಗೀಸರಿನಲ್ಲಿ ನೀರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆಯೆಂದು ಭಾವಿಸೋಣ. ಅದನ್ನು 25 ಡಿಗ್ರಿಯ ತಣ್ಣೀರಿನೊಡನೆ ಬೆರೆಸಿ ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ತಂದರೆ ದೊರೆಯುವುದು ಸುಮಾರು 35 ಲೀಟರ್, ಅಂದರೆ ಎರಡು ಬಕೆಟ್ಟಿಗಿಂತ ಹೆಚ್ಚಲ್ಲ. ಮಾಗಿಯ ಚಳಿಯಲ್ಲಿ ತೊಟ್ಟಿಯ ನೀರು 18 ಡಿಗ್ರಿಗೆ ಇಳಿದರೆ ಇದು 29 ಲೀಟರಿಗಿಂತಲೂ ಕಡಿಮೆಯಾಗುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಯುವ ಷವರಿನ ಕೆಳಗೆ ನಿಂತರೆ ಈ ನೀರು ಮೂರು ನಿಮಿಷವೂ ಬಾರದು. ಬಕೆಟ್ಟಿನಲ್ಲಿ ತುಂಬಿಕೊಂಡು ಸ್ನಾನ ಮಾಡುವ ನಮ್ಮ ಹಿರಿಯರ ಪದ್ಧತಿಯೇ ಇಲ್ಲಿ ಮಿತವ್ಯಯದ ದಾರಿ. 2000 ವ್ಯಾಟಿನ ಗೀಸರಿಗೆ 15 ಲೀಟರ್ ಕಾಯಿಸಲು ಸುಮಾರು ಇಪ್ಪತ್ತು ನಿಮಿಷ ಬೇಕು. ಎರಡು ಸ್ನಾನಗಳಾದ ಮೇಲೆ ಅಷ್ಟು ಅವಕಾಶ ಕೊಟ್ಟರೆ ಕಡೆಯವರಿಗೂ ಬಿಸಿನೀರು ದೊರೆಯುತ್ತದೆ.

ಈಚೆಗೆ ಸಾಲದಾಗಿದ್ದರೆ ಮಾತ್ರ ದೋಷವನ್ನು ಹುಡುಕಬೇಕು. ಮೊದಲು ನೀರು ಕಾಯುವ ಅವಧಿಯನ್ನು ಗಡಿಯಾರವಿಟ್ಟು ನೋಡಿರಿ. ದೀಪ ಆರಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ ಮನೆಗೆ ಬರುವ ವಿದ್ಯುತ್ತಿನ ವೋಲ್ಟೇಜ್ ಕುಸಿದಿರಬಹುದು. 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಬಂದರೆ 2000 ವ್ಯಾಟಿನ ಗೀಸರ್ ಸುಮಾರು 1200 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಮುಂಜಾನೆ ಎಲ್ಲ ಮನೆಗಳಲ್ಲಿಯೂ ಒಮ್ಮೆಗೇ ಗೀಸರ್ ಹಾಕಿದಾಗ ಹೀಗಾಗುವುದುಂಟು.

ನೀರು ಆರಂಭದಿಂದಲೇ ಉಗುರುಬೆಚ್ಚಗೆ ಬರುತ್ತಿದ್ದರೆ ಸಂಶಯ ಎರಡು. ಒಂದು, ಶಾಖವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕೆಟ್ಟಿರಬಹುದು. ಇನ್ನೊಂದು, ಸವೆದ ಮಿಕ್ಸರ್ ನಲ್ಲಿಯ ಮೂಲಕ ತಣ್ಣೀರು ಬಿಸಿನೀರಿನ ಕೊಳವೆಗೆ ನುಸುಳುತ್ತಿರಬಹುದು. ಎರಡನೆಯದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗೀಸರಿನ ವಿದ್ಯುತ್ತನ್ನು ನಿಲ್ಲಿಸಿ, ಅದಕ್ಕೆ ತಣ್ಣೀರು ಬರುವ ವಾಲ್ವನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ತೆರೆಯಿರಿ. ಕ್ಷಣಕಾಲದಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ತಣ್ಣೀರು ಬೇರೆಲ್ಲಿಂದಲೋ ಬೆರೆಯುತ್ತಿದೆಯೆಂದೇ ಅರ್ಥ. ಪರೀಕ್ಷೆ ಮುಗಿದ ಮೇಲೆ ವಾಲ್ವನ್ನು ತೆರೆದು, ನಲ್ಲಿಯಲ್ಲಿ ನೀರು ತುಂಬಿ ಬರುವುದನ್ನು ಕಂಡ ನಂತರವೇ ಗೀಸರ್ ಹಾಕಬೇಕು.

ಮೊದಲು ಚೆನ್ನಾಗಿ ಬಿಸಿಯಾಗಿ ಬಂದು, ಅರ್ಧ ಬಕೆಟ್ಟಿಗೇ ತಣ್ಣಗಾದರೆ ಗೀಸರಿನ ಒಳಭಾಗವನ್ನು ಶಂಕಿಸಬೇಕು. ಗೀಸರಿನಲ್ಲಿ ತಣ್ಣೀರು ತಳದಿಂದ ಪ್ರವೇಶಿಸಿ, ಮೇಲೆ ತೇಲುವ ಬಿಸಿನೀರನ್ನು ಹೊರಕ್ಕೆ ನೂಕುತ್ತದೆ. ಮೇಲ್ಭಾಗದಿಂದ ಬಿಸಿನೀರನ್ನು ಒಯ್ಯುವ ಒಳಕೊಳವೆ ತೂತುಬಿದ್ದರೆ ತಳದ ತಣ್ಣೀರೇ ಹೊರಬರತೊಡಗುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಇನ್ನೊಂದು ತೊಡಕುಂಟು. ನೀರು ಕಾದಂತೆ ಅದರಲ್ಲಿನ ಸುಣ್ಣದ ಅಂಶ ಬಿಳಿಯ ಹಕ್ಕಳೆಯಾಗಿ ಕಟ್ಟಿಕೊಳ್ಳುತ್ತದೆ. ಹಂಡೆಯ ತಳದಲ್ಲಿ ಕಟ್ಟುತ್ತಿದ್ದುದೂ ಇದೇ. ಆದರೆ ಹಂಡೆಯನ್ನು ತಿಕ್ಕಿ ತೊಳೆಯುತ್ತಿದ್ದೆವು, ಗೀಸರಿನ ಒಳಗನ್ನು ಯಾರೂ ನೋಡುವುದಿಲ್ಲ. ಹಕ್ಕಳೆ ಹೆಚ್ಚಿದಂತೆ ನೀರು ನಿಲ್ಲುವ ಜಾಗ ಕುಗ್ಗುತ್ತದೆ, ಕಾಯಿಸುವ ಕಾಯಿಲ್ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ. ಇಂತಹ ಮನೆಗಳವರು ವರ್ಷಕ್ಕೊಮ್ಮೆ ಗೀಸರನ್ನು ಬಿಚ್ಚಿಸಿ ಸ್ವಚ್ಛಗೊಳಿಸುವುದು ಒಳಿತು.

ಗೀಸರಿನಿಂದ ನಲ್ಲಿಗಿರುವ ದೂರವನ್ನೂ ಗಮನಿಸಬೇಕು. ಅರ್ಧ ಇಂಚಿನ ಕೊಳವೆ ಹತ್ತು ಮೀಟರ್ ಉದ್ದವಿದ್ದರೆ, ಪ್ರತಿ ಸಲವೂ ಒಂದು ಲೀಟರಿಗಿಂತ ಹೆಚ್ಚು ನೀರು ಕೊಳವೆಯಲ್ಲಿಯೇ ತಣಿದು ವ್ಯರ್ಥವಾಗುತ್ತದೆ.

ಒಂದು ಎಚ್ಚರಿಕೆಯ ಮಾತು. ನೀರು ಸಾಲದೆಂದು ಥರ್ಮೋಸ್ಟಾಟನ್ನು ಮನಬಂದಂತೆ ಏರಿಸಬಾರದು. 60 ಡಿಗ್ರಿಯ ನೀರೇ ಕೆಲವು ಕ್ಷಣಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳ ಹಾಗೂ ವೃದ್ಧರ ಮೃದು ಚರ್ಮಕ್ಕೆ ಅಪಾಯ ಇನ್ನೂ ಹೆಚ್ಚು. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬುದು ಮನೆಯ ನಿಯಮವಾಗಿರಲಿ. ಸುರಕ್ಷತಾ ವಾಲ್ವಿನಿಂದ ನೀರು ಕಾಯುವಾಗ ನಾಲ್ಕು ಹನಿ ಬೀಳುವುದು ಸಹಜ. ಸದಾ ಸೋರುತ್ತಿದ್ದರೆ ಅದನ್ನು ಬದಲಿಸಬೇಕೇ ಹೊರತು ಬಿರಡೆ ಹಾಕಿ ಮುಚ್ಚಬಾರದು. ಒಳಗಿನ ಒತ್ತಡ ಹೊರಹೋಗುವ ದಾರಿ ಅದೊಂದೇ. ಗೀಸರಿನ ಮುಚ್ಚಳ ತೆಗೆಯುವ ಕೆಲಸವನ್ನು, ಎಂಸಿಬಿ ಇಳಿಸಿದ ಮೇಲೆ, ಬಲ್ಲ ಎಲೆಕ್ಟ್ರಿಷಿಯನ್ನರಿಗೇ ಒಪ್ಪಿಸಬೇಕು. ಅವರು ಬಂದಾಗ ಅರ್ಥಿಂಗ್ ಸರಿಯಿದೆಯೇ ಎಂಬುದನ್ನೂ ನೋಡಿಸಿಕೊಳ್ಳಿರಿ.

ಇಷ್ಟನ್ನು ಪರಿಶೀಲಿಸಿದ ಮೇಲೂ ನೀರು ಸಾಲದಿದ್ದರೆ ಆಗ ದೊಡ್ಡ ಗೀಸರ್ ಕೊಳ್ಳುವುದು ನ್ಯಾಯವೇ. ಆದರೆ ಅನೇಕ ಮನೆಗಳಲ್ಲಿ ಸವೆದ ಒಂದು ನಲ್ಲಿಯನ್ನೋ ಕೆಟ್ಟ ಥರ್ಮೋಸ್ಟಾಟನ್ನೋ ಬದಲಿಸಿದರೆ ಸಾಕು, ಕಡೆಯಲ್ಲಿ ಸ್ನಾನಕ್ಕೆ ಹೋಗುವ ತಾಯಿಗೂ ಒಂದು ಬಕೆಟ್ ಬಿಸಿನೀರು ಉಳಿಯುತ್ತದೆ.