ಬೆಳಗಿನ ಜಾವದ ತೊಟ್ಟಿ

ತೊಟ್ಟಿಯಲ್ಲಿ ಮೀನು ಸಾಕಿದವರು ಅದನ್ನು ನೋಡಲು ಹೋಗುವುದು ಸಾಮಾನ್ಯವಾಗಿ ಸಂಜೆ, ಕಾಫಿ ಲೋಟ ಹಿಡಿದುಕೊಂಡು. ಆಗ ಎಲ್ಲವೂ ಚೆಂದವಾಗಿಯೇ ಇರುತ್ತದೆ. ಅದರ ಯೋಗಕ್ಷೇಮ ನಿಜಕ್ಕೂ ತಿಳಿಯಬೇಕಾದರೆ ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಮಹಡಿ ಹತ್ತಬೇಕು. ಮೀನುಗಳು ತಳದಲ್ಲೋ ಎಲೆಯ ಮರೆಯಲ್ಲೋ ತೂಗುತ್ತಿದ್ದರೆ ಸರಿ. ಎಲ್ಲವೂ ಮೇಲೆ ಬಂದು, ನೀರಿನ ಮೈಗೆ ಬಾಯಿ ತಾಗಿಸಿ ಪಚಪಚ ಎನ್ನುತ್ತಿದ್ದರೆ ರಾತ್ರಿ ಅಲ್ಲಿ ಉಸಿರಿಗೆ ತತ್ವಾರವಾಗಿದೆ ಎಂದೇ ಅರ್ಥ.

ಗಿಡಗಳು ಆಮ್ಲಜನಕ ಕೊಡುತ್ತವೆ ಎಂದು ಶಾಲೆಯಲ್ಲಿ ಕಲಿತದ್ದು ನಮಗೆಲ್ಲ ನೆನಪಿದೆ. ಅವೂ ಹಗಲಿರುಳು ಉಸಿರಾಡುತ್ತವೆ ಎಂಬುದು ಮರೆತುಹೋಗಿದೆ. ಕತ್ತಲಾದ ಮೇಲೆ ಮೀನು, ಗಿಡ, ಪಾಚಿ, ಬ್ಯಾಕ್ಟೀರಿಯಾ ಎಲ್ಲರೂ ಉಣ್ಣಲು ಕೂತವರೇ, ಬಡಿಸುವವರು ಇಲ್ಲ. ಗಾಳಿಯಿಂದ ನೀರಿಗೆ ಕರಗಿ ಇಳಿಯುವಷ್ಟೇ ಗತಿ. ಅದಕ್ಕೂ ಮಿತಿಯಿದೆ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡೀತು; 30 ಡಿಗ್ರಿಯಾದರೆ ಏಳೂವರೆ. ಬೇಸಿಗೆಯಲ್ಲಿ ಮೀನಿನ ಮೈ ಚುರುಕಾಗಿ ಉಸಿರು ಹೆಚ್ಚು ಬೇಕಾಗುವ ಹೊತ್ತಿಗೇ ನೀರಿನ ಕಣಜ ಚಿಕ್ಕದಾಗಿರುತ್ತದೆ.

ಆದ್ದರಿಂದ ತೊಟ್ಟಿ ಆರಿಸುವಾಗ ನೋಡಬೇಕಾದದ್ದು ಆಳವನ್ನಲ್ಲ, ಬಾಯಿಯನ್ನು. ನನ್ನದು 75 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳದ ದುಂಡು ಸಿಮೆಂಟ್ ತೊಟ್ಟಿ. ಹೆಚ್ಚುಕಡಿಮೆ 200 ಲೀಟರ್ ಹಿಡಿಯುತ್ತದೆ. ಅಷ್ಟೇ ನೀರನ್ನು ಎತ್ತರದ ನೀಲಿ ಡ್ರಮ್ಮಿಗೆ ತುಂಬಿದರೆ ಗಾಳಿಗೆ ಒಡ್ಡಿಕೊಳ್ಳುವ ಜಾಗ ಅರ್ಧಕ್ಕಿಂತ ತುಸು ಹೆಚ್ಚು ಉಳಿದೀತು, ಅಷ್ಟೆ. ಇನ್ನೊಂದು ಮಾತು: 200 ಲೀಟರ್ ಎಂದರೆ 200 ಕಿಲೋ, ತೊಟ್ಟಿಯ ತೂಕ ಬೇರೆ. ತಾರಸಿಯ ನಡುಮಧ್ಯದಲ್ಲಿ ಇಡದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಇಡಿ.

ಮೊದಲ ಸಲ ನಾನು ಮಾಡಿದ್ದನ್ನು ಕೊಲೆ ಎಂದೇ ಕರೆಯಬೇಕು. ಭಾನುವಾರ ಬೆಳಿಗ್ಗೆ ಹೊಸ ತೊಟ್ಟಿ ಬಂತು, ಮಧ್ಯಾಹ್ನ ನಲ್ಲಿ ನೀರು ತುಂಬಿತು, ಸಂಜೆ ಹತ್ತು ಗಪ್ಪಿಗಳೂ ಬಂದವು. ಅಂಗಡಿಯ ಹುಡುಗ ಧೈರ್ಯ ಹೇಳಿದ್ದ: “ಏನೂ ಆಗಲ್ಲ ಸಾರ್, ಗಪ್ಪಿ ಮೋರೀಲೂ ಬದುಕುತ್ತೆ.” ಗುರುವಾರದ ಹೊತ್ತಿಗೆ ಒಂದು ಉಳಿದಿತ್ತು. ಹುಡುಗ ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನ ಎಷ್ಟೋ ಮೋರಿಗಳಲ್ಲಿ ಗಪ್ಪಿಗಳಿವೆ. ಆದರೆ ಮೋರಿ ಹಳೆಯದು, ನನ್ನ ತೊಟ್ಟಿ ಹೊಸದು.

ಮೀನು ತನ್ನ ಮೈಯ ಸಾರಜನಕದ ಕಸವನ್ನು ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ನೀರಿನಲ್ಲಿ ಅಮೋನಿಯಾಕ್ಕೆ ಎರಡು ವೇಷ: ಒಂದು ಅಷ್ಟೇನೂ ಕೇಡು ಮಾಡದ ಅಮೋನಿಯಂ, ಇನ್ನೊಂದು ಕಿವಿರನ್ನೇ ಸುಡುವ ಶುದ್ಧ ವಿಷ. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ನೀರಿನ ಕ್ಷಾರಗುಣ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ನೂರು ಪಾಲಿನಲ್ಲಿ ಅರ್ಧ ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ; ಪಿಎಚ್ 9 ಆಯಿತೋ, ಮೂರನೇ ಒಂದು ಪಾಲಿಗೂ ಹೆಚ್ಚು. ಹೊಸ ಸಿಮೆಂಟು ಸುಣ್ಣ ಬಿಡುತ್ತಾ ಪಿಎಚ್ಚನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಅಂದರೆ ನಾನು ಮೀನುಗಳನ್ನು ಸುಣ್ಣದ ನೀರಿಗೆ ಬಿಟ್ಟು, ಅವುಗಳ ಮೈಯ ಕಸವನ್ನೇ ಅವಕ್ಕೆ ವಿಷ ಮಾಡಿ ಕೊಟ್ಟಿದ್ದೆ. ನಲ್ಲಿ ನೀರಿನ ಕ್ಲೋರಿನ್ ಅದರ ಮೇಲೊಂದು ಒಗ್ಗರಣೆ. ಕ್ಲೋರಿನ್ನಿನ ಕಾಟ ಸುಲಭದ್ದು, ನೀರನ್ನು ಒಂದೆರಡು ದಿನ ಬಿಸಿಲಿಗೆ ತೆರೆದಿಟ್ಟರೆ ಹಾರಿಹೋಗುತ್ತದೆ. ಸಿಮೆಂಟಿಗೆ ಮಾತ್ರ ತಾಳ್ಮೆ ಬೇಕು: ನೀರು ತುಂಬಿ ಮೂರು ನಾಲ್ಕು ದಿನ ಬಿಟ್ಟು ಚೆಲ್ಲಬೇಕು, ಮತ್ತೆ ತುಂಬಬೇಕು. ಹೀಗೆ ನಾಲ್ಕೈದು ಸಲ.

ಹಾಗಾದರೆ ಹಳೆಯ ಮೋರಿಯಲ್ಲಿ ಇದ್ದದ್ದೇನು, ನನ್ನಲ್ಲಿ ಇಲ್ಲದ್ದೇನು? ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಇಟ್ಟು ನೋಡುತ್ತಿದ್ದ. ಸತ್ತ ಎಲೆ ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನಲೆಂದು ಕೊಳದ ಬಸವನಹುಳುಗಳನ್ನು ಬಿಟ್ಟ, ನೀರು ತಿಳಿಯಾಯಿತು. ಗಿಡ, ಮೀನು, ಬಸವನಹುಳು ಈ ಮೂವರ ನಡುವೆ ಲೆಕ್ಕ ಚುಕ್ತಾ ಆಯಿತು ಎಂದು ಅವನು ಬರೆದ. ಆ ಪಾತ್ರೆಯ ಗೋಡೆಗೆ ಅಂಟಿಕೊಂಡಿದ್ದ ನಾಲ್ಕನೆಯವರು ಅವನಿಗೆ ಕಾಣಿಸುವಂತಿರಲಿಲ್ಲ. ಅವರನ್ನು ಬೇರ್ಪಡಿಸಿ ತೋರಿಸಲು ನಲವತ್ತು ವರ್ಷ ಬೇಕಾಯಿತು. 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿದ್ದ ರಷ್ಯನ್ ವಿಜ್ಞಾನಿ ಸೆರ್ಗೆ ವಿನೋಗ್ರಾಡ್‌ಸ್ಕಿ ಅಮೋನಿಯಾವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳನ್ನು ಹಿಡಿದ. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಪಂಗಡ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಕ್ಕೆ ಗೊಬ್ಬರ.

ಇವು ಮಹಾ ನಿಧಾನಸ್ಥರು. ನಮ್ಮ ಕರುಳಿನ ಬ್ಯಾಕ್ಟೀರಿಯಾ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಇವಕ್ಕೆ ಹಲವು ಗಂಟೆ, ಕೆಲವೊಮ್ಮೆ ಇಡೀ ದಿನ ಬೇಕು. ಹೊಸ ತೊಟ್ಟಿಯಲ್ಲಿ ಇವುಗಳ ಸಂಸಾರ ಕುದುರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ವಾಸ ಗೋಡೆಯಲ್ಲಿ, ಜಲ್ಲಿಯಲ್ಲಿ, ದಂಟಿನ ಮೇಲಿನ ಜಾರು ಲೋಳೆಯಲ್ಲಿ. ಶನಿವಾರ ಬಂತೆಂದರೆ ತೊಟ್ಟಿ ಖಾಲಿ ಮಾಡಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯುವ ಶುದ್ಧಾಚಾರದವರ ಮೀನುಗಳೇ ಹೆಚ್ಚಾಗಿ ಸಾಯುವುದು ಇದರಿಂದ. ಎರಡನೆಯ ಸಲ ನಾನು ಸ್ನೇಹಿತರ ಹಳೆಯ ಕೊಳದಿಂದ ಒಂದು ಮುಷ್ಟಿ ಜಲ್ಲಿ ತಂದು ಹಾಕಿದೆ. ಹೆಪ್ಪಿಗೆ ಮಜ್ಜಿಗೆ ಹಾಕಿದ ಹಾಗೆ.

ಕಾಯುವ ವಾರಗಳಲ್ಲಿ ಬೇರೆ ತಾಪತ್ರಯ ಶುರುವಾಯಿತು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಆಂಟಿ ಇಣುಕಿ ನೋಡಿ, “ಏನ್ರೀ, ಸೊಳ್ಳೆ ಸಾಕ್ತಿದ್ದೀರಾ?” ಎಂದರು. ಅವರ ಭಯ ಸರಿಯೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಮನೆಯ ಹತ್ತಿರದ ಇಂಥ ತಿಳಿನೀರೇ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಬ್ಯಾಕ್ಟೀರಿಯಾಕ್ಕೆ ಆರು ವಾರ, ಸೊಳ್ಳೆಗೆ ಒಂದು! ಹಳೆಯ ಸೊಳ್ಳೆ ಪರದೆ ಕತ್ತರಿಸಿ ತೊಟ್ಟಿಯ ಬಾಯಿಗೆ ಬಿಗಿದು ಕಟ್ಟಿದೆ. ಎರಡು ವಾರವಾದ ಮೇಲೆ ಮೂರೇ ಮೀನು ಬಿಟ್ಟೆ. ಅವುಗಳ ಅಮೋನಿಯಾ ಬ್ಯಾಕ್ಟೀರಿಯಾಕ್ಕೂ ಊಟವಾಯಿತು.

ಗಿಡಗಳ ವಿಷಯಕ್ಕೆ ಬಂದರೆ ತಾವರೆಯ ಆಸೆ ಬಿಡುವುದು ವಾಸಿ. ಅದರ ಗೆಡ್ಡೆ ಕೆಸರಿನಲ್ಲಿ ಓಡಾಡಲು ಇಡೀ ತೊಟ್ಟಿ ಕೇಳುತ್ತದೆ. ನೈದಿಲೆ ಸಾಧು. ಅಗಲ ಕುಂಡಕ್ಕೆ ಜಿಗುಟಾದ ಕೆರೆಗೋಡು ತುಂಬಿ, ಚಿಗುರು ಮಾತ್ರ ಹೊರಗಿರುವಂತೆ ಗೆಡ್ಡೆ ಊರಿ, ಮೇಲೆ ಎರಡು ಬೆರಳು ಮರಳು ಹಾಸಿ ಮುಳುಗಿಸಬೇಕು. ಸಗಣಿ ಗೊಬ್ಬರ ಹಾಕಿದಿರೋ, ಅದು ಕೊಳೆಯುವಾಗ ಮೀನಿನ ಪಾಲಿನ ಆಮ್ಲಜನಕವನ್ನೇ ನುಂಗುತ್ತದೆ. ಅಂಚಿನಲ್ಲಿ ಇಟ್ಟಿಗೆ ಪೇರಿಸಿ ಅದರ ಮೇಲೆ ಬಜೆ, ಕೆಸು. ನೀರಿನೊಳಗೆ ಒಂದು ಹಿಡಿ ಹೈಡ್ರಿಲ್ಲಾ. ತೇಲಲು ನಾಲ್ಕು ಅಂತರಗಂಗೆ ಸಾಕು, ನಾಲ್ಕು ನಲವತ್ತಾಗಲು ಹೆಚ್ಚು ದಿನ ಬೇಡ. ಹೆಚ್ಚಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ರಾಜಕಾಲುವೆಗೆ ಮಾತ್ರ ಎಸೆಯಬೇಡಿ. ಅರ್ಧಕ್ಕಿಂತ ಹೆಚ್ಚು ನೀರು ಎಲೆಯ ನೆರಳಲ್ಲಿದ್ದರೆ ಪಾಚಿ ತಾನಾಗಿ ತಗ್ಗುತ್ತದೆ. ಆದರೆ ಬಾಯಿ ಪೂರ್ತಿ ಮುಚ್ಚಿದರೆ ಮತ್ತೆ ಬೆಳಗಿನ ಜಾವದ ಪಚಪಚ. ಮೊದಲ ತಿಂಗಳು ನೀರು ಹೆಸರುಕಾಳಿನ ಕಟ್ಟಿನಂತೆ ಹಸಿರಾದರೆ ಗಾಬರಿ ಬೇಡ. ನೀರು ಬದಲಿಸಿದಷ್ಟೂ ಪಾಚಿಗೆ ಹೊಸ ಊಟ ಬಡಿಸಿದಂತೆ.

ಮೀನು ಯಾವುದು? ಮತ್ತೆ ಗಪ್ಪಿಯೇ ಎಂದು ಹೇಳಲು ಸ್ವಲ್ಪ ನಾಚಿಕೆ. ದಕ್ಷಿಣ ಅಮೆರಿಕದ್ದು, ಟ್ರಿನಿಡಾಡಿನ ಗಪ್ಪಿ ಎಂಬಾತನ ಹೆಸರು ಹೊತ್ತದ್ದು. ಅದರ ಬಾಯಿ ಮೇಲ್ಮುಖವಾಗಿದೆ. ಸೊಳ್ಳೆಮರಿ ನೇತಾಡುವುದೂ ಅಲ್ಲೇ, ಉಸಿರು ಹೆಚ್ಚಿರುವ ತೆಳುಪದರ ಇರುವುದೂ ಅಲ್ಲೇ. ಹೆಣ್ಣು ಒಮ್ಮೆ ಕೂಡಿದ ವೀರ್ಯವನ್ನು ತಿಂಗಳುಗಟ್ಟಲೆ ಕಾದಿಟ್ಟು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹಾಗಾಗಿ ಒಂದೇ ಹೆಣ್ಣು ಕೆರೆ ಸೇರಿದರೂ ಕೆರೆಯ ತುಂಬ ಗಪ್ಪಿ. ನಮ್ಮದೇ ನೆಲದ ಪ್ಯಾಂಚಾಕ್ಸ್, ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುವ ಪುಟ್ಟ ಮೀನು, ಸಿಕ್ಕರೆ ಅದೇ ಮೇಲು. ನೆಗೆದು ಹೊರಬೀಳುತ್ತದೆ, ನೀರನ್ನು ಅಂಚಿನಿಂದ ಒಂದು ಗೇಣು ಕೆಳಗೇ ನಿಲ್ಲಿಸಬೇಕು.

ಕೊನೆಗೆ ಕರೆಯದೇ ಬಂದ ಅತಿಥಿ. ಮಳೆಗಾಲ ಮುಗಿಯುತ್ತಿದ್ದಂತೆ ಗಪ್ಪಿ ಮರಿಗಳು ಕಡಿಮೆಯಾಗತೊಡಗಿದವು. ಒಂದು ಮಧ್ಯಾಹ್ನ ಬಗ್ಗಿ ನೋಡುತ್ತಾ ಕೂತೆ. ಕುಂಡದ ಮೇಲೆ ಕೆಸರಿನ ಬಣ್ಣದ, ಹೆಬ್ಬೆರಳ ಉಗುರಿಗಿಂತ ತುಸು ಉದ್ದದ ಹುಳು. ಮರಿಯೊಂದು ಹತ್ತಿರ ಬಂದದ್ದೇ, ಗದ್ದದಡಿ ಮಡಚಿಟ್ಟ ಕೆಳತುಟಿ ತೋಳಿನಂತೆ ಚಾಚಿತು, ಮರಿ ಮಾಯ. ಕಡ್ಡಿಯಿಂದ ಮುಟ್ಟಿದೆ, ಹಿಂಬದಿಯಿಂದ ನೀರು ಚಿಮ್ಮಿ ಸೊರ್ರನೆ ಮುಂದಕ್ಕೆ ಹಾರಿತು. ಏರೋಪ್ಲೇನ್ ಚಿಟ್ಟೆಯ ಮರಿ. ಅದರ ಕಿವಿರುಗಳಿರುವುದು ಗುದದ್ವಾರದ ಒಳಗೆ. ಉಸಿರಿಗೆಂದು ಒಳಗೆಳೆದ ನೀರೇ ರಾಕೆಟ್ಟಿನ ಇಂಧನ. ತೆಗೆದುಹಾಕಬೇಕೆಂದುಕೊಂಡೆ, ಕೈ ಬರಲಿಲ್ಲ. ಸೊಳ್ಳೆಮರಿಯನ್ನೂ ಅದು ತಿನ್ನುತ್ತದಲ್ಲ ಎಂದು ನೆವ ಹೇಳಿಕೊಂಡೆ.

ಮೂರು ವಾರದ ನಂತರ, ಎಂದಿನಂತೆ ಟಾರ್ಚ್ ಹಿಡಿದು ಹೋದಾಗ ಅದು ಬಜೆಯ ಎಲೆಯನ್ನು ಹತ್ತಿ ನಿಂತಿತ್ತು. ಬೆನ್ನು ಸೀಳಿ, ಅರ್ಧ ಮೈ ಹೊರಗೆ, ಸುಕ್ಕಾದ ರೆಕ್ಕೆ ಇನ್ನೂ ಬಿಚ್ಚಿರಲಿಲ್ಲ. ಮೀನುಗಳು ತಳದಲ್ಲಿ ತಮ್ಮ ಪಾಡಿಗೆ ತೂಗುತ್ತಿದ್ದವು. ಕಾಫಿ ಕುಡಿದು ಏಳು ಗಂಟೆಗೆ ಬಂದರೆ ಎಲೆಯ ಮೇಲೆ ಖಾಲಿ ಪೊರೆಯೊಂದೇ. ಹದಿಮೂರಿದ್ದ ಮರಿಗಳನ್ನು ಎಣಿಸಿದೆ: ಆರು.