ಪರಿಹಾರದ ಪಟ್ಟಿ ಓದೋಣ

ಮಳೆ ಬಂದರೆ ಬೆಳೆ. ಬೆಳೆ ಬಂದರೆ ಬದುಕು. ಆದರೆ ಒಂದು ವರ್ಷ ಬರ, ಇನ್ನೊಂದು ವರ್ಷ ನೆರೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಬಿದ್ದಿದೆ ಎಂದು ಸರ್ಕಾರ ಸಾರಿತು. ಬಿತ್ತಿದ ಬೀಜ, ಹಾಕಿದ ಗೊಬ್ಬರ ಎಲ್ಲಾ ಮಣ್ಣುಪಾಲಾಯಿತು.

ಇಂಥ ಹೊತ್ತಿನಲ್ಲಿ ಸರ್ಕಾರ ಬೆಳೆ ಪರಿಹಾರ ಕೊಡುತ್ತದೆ. ಇದು ಆದ ನಷ್ಟವನ್ನೆಲ್ಲ ತುಂಬುವ ಹಣ ಅಲ್ಲ. ಮತ್ತೆ ಬಿತ್ತಲು ಕೊಡುವ ನೆರವು. ಬೆಳೆ ವಿಮೆ ಬೇರೆ, ಇದು ಬೇರೆ. ಇದಕ್ಕೆ ಕಂತು ಕಟ್ಟಬೇಕಾಗಿಲ್ಲ.

ಎಷ್ಟು ಸಿಗುತ್ತದೆ?

ಬೆಳೆ ನೂರಕ್ಕೆ 33 ಪಾಲು ಅಥವಾ ಹೆಚ್ಚು ಹಾಳಾಗಿರಬೇಕು. 2022ರಲ್ಲಿ ಕೇಂದ್ರ ಸರ್ಕಾರ ಹೊಸ ದರ ಗೊತ್ತು ಮಾಡಿತು. ಒಂದು ಹೆಕ್ಟೇರ್ ಮಳೆ ಆಧಾರದ ಬೆಳೆಗೆ 8,500 ರೂಪಾಯಿ. ನೀರಾವರಿ ಬೆಳೆಗೆ 17,000. ಬಹುವಾರ್ಷಿಕ ತೋಟದ ಬೆಳೆಗೆ 22,500. ಎರಡು ಹೆಕ್ಟೇರಿನವರೆಗೆ ಮಾತ್ರ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಆ ಲೆಕ್ಕದಲ್ಲಿ ಒಂದು ಎಕರೆ ಒಣಭೂಮಿಗೆ ಸುಮಾರು 3,400 ರೂಪಾಯಿ ಆಯಿತು. ದರ ಆಗಾಗ ಬದಲಾಗುತ್ತದೆ. ಆಯಾ ವರ್ಷದ ದರವನ್ನು ಕೇಳಿ ತಿಳಿಯೋಣ.

ಹಣ ಎಲ್ಲಿ ತಪ್ಪುತ್ತದೆ?

ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಆದರೂ ಕೆಲವರಿಗೆ ಬರುವುದಿಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುತ್ತದೆ. ಹೊಲದಲ್ಲಿ ಜೋಳ ಇದ್ದರೆ ಬೆಳೆ ಸಮೀಕ್ಷೆಯಲ್ಲಿ ತೊಗರಿ ಅಂತ ಬರೆದಿರುತ್ತದೆ. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಕೊಂಡ ಮಾವನ ಹೆಸರಿನಲ್ಲೇ ಇದೆ. ಉಳುವವಳು, ಕಳೆ ಕೀಳುವವಳು ಸೊಸೆ. ಕಾಗದದಲ್ಲಿ ಅವಳೇ ಇಲ್ಲ! ಇಂಥವರು ಪೌತಿ ಖಾತೆಗೆ ಅರ್ಜಿ ಕೊಡಬೇಕು. ಬರ ಬರುವ ತನಕ ಕಾಯಬಾರದು.

ಪಟ್ಟಿ ಕೇಳುವುದು ತಪ್ಪೇ?

“ಅದೆಲ್ಲಾ ಗಂಡಸರ ಕೆಲಸ, ನಮಗ್ಯಾಕೆ?” ಎಂದು ಕೆಲವರು ಅನ್ನುತ್ತಾರೆ. ರಾಜಸ್ಥಾನದ ಹಳ್ಳಿಯ ಹೆಂಗಸರು ಹಾಗೆ ಅನ್ನಲಿಲ್ಲ. ಅಲ್ಲಿ ಕೂಲಿಕಾರರು ಸರ್ಕಾರಿ ಕೆಲಸದ ಹಾಜರಿ ಪಟ್ಟಿ ತೋರಿಸಿ ಎಂದು ಕೇಳಿದರು. 1994ರಲ್ಲಿ ಕೋಟ್‌ಕಿರಾನಾ ಎಂಬ ಊರಿನಲ್ಲಿ ಜನರ ಮುಂದೆಯೇ ಲೆಕ್ಕ ಓದಿಸಿದರು. “ನಮ್ಮ ಹಣ, ನಮ್ಮ ಲೆಕ್ಕ” ಎಂಬುದು ಅವರ ಕೂಗು. ಇಂಥ ಹೋರಾಟಗಳು ಬೆಳೆದು 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂತು.

ಸಹಾಯಧನದ ಹಣ ಎಷ್ಟು, ಯಾರಿಗೆ ಸಂದಿತು ಎಂಬುದನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು. ಹಾಗೆಂದು ಈ ಕಾಯಿದೆ ಹೇಳುತ್ತದೆ. ಪ್ರಕಟಿಸದಿದ್ದರೆ ನಾವು ಅರ್ಜಿ ಕೊಡಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು.

ನಾವೇನು ಮಾಡೋಣ?

ಗ್ರಾಮ ಆಡಳಿತ ಅಧಿಕಾರಿಯ ಬಳಿ ನಮ್ಮ ಊರಿನ ಪಟ್ಟಿ ಕೇಳೋಣ. ಸಂಘದ ಅಕ್ಕತಂಗಿಯರೆಲ್ಲ ಕೂಡಿ ಓದೋಣ. ನಮ್ಮ ಹೆಸರು ಇದೆಯಾ? ಸರ್ವೆ ನಂಬರು, ಬೆಳೆ, ಎಕರೆ ಸರಿಯಾಗಿವೆಯಾ? ಬೆಳೆಯೇ ಇಡದವರ ಹೆಸರು ಸೇರಿದೆಯಾ? ತಪ್ಪು ಕಂಡರೆ ತಹಶೀಲ್ದಾರರಿಗೆ ಬರೆದು ಕೊಡೋಣ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯೋಣ. ಗ್ರಾಮಸಭೆಯಲ್ಲೂ ಎದ್ದು ಕೇಳೋಣ.

ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಒಂದು ಮನೆಯ ಬಿತ್ತನೆ ನಿಲ್ಲುತ್ತದೆ. ಅಕ್ಷರ ಕಲಿತವರು ಊರಲ್ಲಿ ಒಬ್ಬರಿದ್ದರೂ ಸಾಕು. ನೆರೆಮನೆಯವಳ ಹೆಸರನ್ನೂ ಹುಡುಕಿ ಕೊಡೋಣ.