ದನಿ ಬಿದ್ದಾಗ ಯಾರ ಬಳಿ ಹೋಗಬೇಕು?

ಬೆಳಗಾವಿಯಲ್ಲಿ ಹಾಡುವವರಿಗೆ ಬರವಿಲ್ಲ. ಹಿಂದೂಸ್ತಾನಿ ಕಲಿಯುವ ಮಕ್ಕಳು, ವಚನ ಗಾಯಕರು, ಗಣೇಶೋತ್ಸವದ ವೇದಿಕೆಯವರು, ಖಾನಾಪುರ ತಾಲ್ಲೂಕಿನ ಹಳ್ಳಿಗಳ ಭಜನಾ ಮಂಡಳಿಗಳು, ಹೀಗೆ ಪಟ್ಟಿ ಬೆಳೆಯುತ್ತದೆ. ದನಿಯನ್ನೇ ನಂಬಿ ಬದುಕುವವರು ಇನ್ನೂ ಹಲವರಿದ್ದಾರೆ: ಇಡೀ ದಿನ ಪಾಠ ಹೇಳುವ ಶಿಕ್ಷಕಿ, ಬಸ್ ಕಂಡಕ್ಟರ್, ಸಂತೆಯಲ್ಲಿ ಕೂಗಿ ಮಾರುವವರು, ವಕೀಲರು. ಇವರಲ್ಲಿ ಯಾರ ದನಿ ಬಿದ್ದರೂ ಮೊದಲು ಬರುವುದು ಜೇಷ್ಠಮಧು, ಕಲ್ಲುಸಕ್ಕರೆ, ಅರಿಶಿನ ಹಾಲಿನ ಸಲಹೆ. ಅದರಿಂದ ಗುಣವಾಗದಿದ್ದಾಗ ಗೊಂದಲ ಶುರುವಾಗುತ್ತದೆ. ಹೋಗಬೇಕಾದದ್ದು ಡಾಕ್ಟರ ಹತ್ತಿರವೋ, ಸ್ಪೀಚ್ ಥೆರಪಿಸ್ಟ್ ಹತ್ತಿರವೋ, ಸಂಗೀತ ಗುರುಗಳ ಹತ್ತಿರವೋ?

ಮೂವರೂ ದನಿಯ ವಿಷಯ ಬಲ್ಲವರೇ. ಆದರೆ ಅವರು ಕಲಿತದ್ದು ಬೇರೆ ಬೇರೆ ಕಡೆ, ಕಲಿತ ವಿಷಯವೂ ಬೇರೆ. ಯಾರ ಓದು ಎಲ್ಲಿಯವರೆಗೆ ಎಂಬುದು ತಿಳಿದರೆ ಯಾರ ಬಳಿ ಯಾವಾಗ ಹೋಗಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಗಂಟಲೊಳಗೆ ಏನಾಗುತ್ತದೆ?

ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ವಯಸ್ಕರಲ್ಲೂ ಅವುಗಳ ಉದ್ದ ಸುಮಾರು ಒಂದರಿಂದ ಎರಡೂವರೆ ಸೆಂಟಿಮೀಟರ್ ಮಾತ್ರ. ಶ್ವಾಸಕೋಶದಿಂದ ಮೇಲೆ ಬರುವ ಗಾಳಿಗೆ ಅವು ಕೂಡಿ ಬಿಡಿಸಿಕೊಂಡು ಕಂಪಿಸುತ್ತವೆ. ಮಾತನಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ, ಗಂಡಸರವು 100ಕ್ಕಿಂತ ತುಸು ಹೆಚ್ಚು ಸಲ ಕಂಪಿಸುತ್ತವೆ. ಅಂದರೆ ಶಿಕ್ಷಕಿಯೊಬ್ಬರ ದನಿ ಒಟ್ಟು ಒಂದು ಗಂಟೆ ಹೊರಟರೆ ಆ ತಂತುಗಳು ಏಳು ಲಕ್ಷಕ್ಕೂ ಹೆಚ್ಚು ಬಾರಿ ಒಂದನ್ನೊಂದು ತಾಕಿರುತ್ತವೆ. ಅದರ ಮೇಲೆ ಕೂಗಾಟ, ನೀರು ಕುಡಿಯದಿರುವುದು, ಎದೆಯುರಿ, ತಂಬಾಕು ಸೇರಿದರೆ ತಂತುಗಳು ಊದಿಕೊಳ್ಳುತ್ತವೆ. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ಅಲ್ಲಿಯೂ ಸಣ್ಣ ಗಂಟುಗಳಾಗುತ್ತವೆ.

ಮೊದಲ ಬಾಗಿಲು: ಇಎನ್‌ಟಿ ವೈದ್ಯರು

ಗೊಗ್ಗರು ದನಿ ಮೂರು ವಾರ ದಾಟಿದರೆ ಮೊದಲು ಹೋಗಬೇಕಾದದ್ದು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ. ಇವರು ಎಂಬಿಬಿಎಸ್ ಮುಗಿಸಿ, ಆಮೇಲೆ ಮೂರು ವರ್ಷ ಎಂಎಸ್ ಓದಿದವರು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನಲ್ಲೇ ಈ ತಜ್ಞರು ತಯಾರಾಗುತ್ತಾರೆ. ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲೂ ಸರ್ಕಾರಿ ಬಿಮ್ಸ್ ಆಸ್ಪತ್ರೆಯಲ್ಲೂ ಇಎನ್‌ಟಿ ವಿಭಾಗವಿದೆ. ಗಂಟಲೊಳಗೆ ಕನ್ನಡಿಯನ್ನೋ ಸಣ್ಣ ಕ್ಯಾಮೆರಾವನ್ನೋ ಇಳಿಸಿ ಧ್ವನಿತಂತುಗಳನ್ನು ನೋಡಿ, ಇದು ಗಂಟೋ, ಪಾಲಿಪ್ಪೋ, ಒಂದು ತಂತುವಿಗೆ ಲಕ್ವ ಹೊಡೆದಿದೆಯೋ, ಕ್ಯಾನ್ಸರೋ ಎಂದು ಹೇಳಬಲ್ಲವರು ಇವರೇ. ನಿಪ್ಪಾಣಿಯ ತಂಬಾಕಿಗೆ ಹೆಸರಾದ ಈ ಜಿಲ್ಲೆಯಲ್ಲಿ ಕ್ಯಾನ್ಸರಿನ ಮಾತನ್ನು ಒತ್ತಿ ಹೇಳಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಷ್ಟೋ ಸಲ ಮೊದಲು ಸುಳಿವು ಕೊಡುವುದು ಗೊಗ್ಗರು ದನಿಯಿಂದಲೇ. ಬೇಗ ಸಿಕ್ಕರೆ ಅದು ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಬೀಡಿ, ಸಿಗರೇಟು, ಗುಟ್ಕಾ ಬಳಸುವವರು ಮೂರು ವಾರವನ್ನೂ ಕಾಯದೆ ಹೋಗುವುದು ಒಳ್ಳೆಯದು. ನುಂಗಲು ಕಷ್ಟವಾದರೆ, ಕತ್ತಿನಲ್ಲಿ ಗಡ್ಡೆ ಕಂಡರೆ, ಕಫದಲ್ಲಿ ರಕ್ತ ಬಂದರೆ, ಉಸಿರಾಡುವಾಗ ಸದ್ದಾದರೆ ಯಾರೂ ತಡಮಾಡಬಾರದು.

ಕನ್ನಡಿ ಇಳಿಸಿ ಗಂಟಲು ನೋಡುವ ಈ ವಿಧಾನಕ್ಕೆ ನೆಲೆ ಹಾಕಿಕೊಟ್ಟವರು ಒಬ್ಬ ಗಾಯನ ಗುರು. ಮ್ಯಾನುಯೆಲ್ ಗಾರ್ಸಿಯಾ ಎಂಬ ಸ್ಪ್ಯಾನಿಷ್ ಮೂಲದ ಸಂಗೀತ ಶಿಕ್ಷಕರು 1854ರಲ್ಲಿ ಹಲ್ಲಿನ ವೈದ್ಯರ ಸಣ್ಣ ಕನ್ನಡಿ ಮತ್ತು ಬಿಸಿಲಿನ ಸಹಾಯದಿಂದ ತಮ್ಮದೇ ಧ್ವನಿತಂತುಗಳು ಕಂಪಿಸುವುದನ್ನು ಕಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ವಿವರ ಬಂತು. ಸಂಗೀತ ಮತ್ತು ವೈದ್ಯಕೀಯ ಅಂದಿನಿಂದಲೇ ನೆರೆಹೊರೆಯವು.

ಧ್ವನಿ ಚಿಕಿತ್ಸಕರು ಓದಿರುವುದೇನು?

ನಮ್ಮ ದೇಶದಲ್ಲಿ ಧ್ವನಿ ಚಿಕಿತ್ಸೆ ಕೊಡುವವರು ವಾಕ್ ಮತ್ತು ಶ್ರವಣ ತಜ್ಞರು. ಜನ ಸ್ಪೀಚ್ ಥೆರಪಿಸ್ಟ್ ಎನ್ನುವುದು ಇವರನ್ನೇ. ಪಿಯುಸಿಯಲ್ಲಿ ವಿಜ್ಞಾನ ಓದಿ, ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್ ಚಿಕಿತ್ಸೆ) ಪದವಿಗೆ ಸೇರುತ್ತಾರೆ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮುಂದೆ ಎರಡು ವರ್ಷದ ಎಂಎಸ್ಸಿ. ಗಂಟಲು ಮತ್ತು ಕಿವಿಯ ರಚನೆ, ಧ್ವನಿವಿಜ್ಞಾನ, ಭಾಷಾವಿಜ್ಞಾನ, ಮನೋವಿಜ್ಞಾನ ಇವರ ಪಠ್ಯದಲ್ಲಿರುತ್ತವೆ. ಈ ವಿದ್ಯೆಯ ದೊಡ್ಡ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ: 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಬೆಳಗಾವಿಗೆ ಹತ್ತಿರದ ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆಯಿದೆ.

ಇವರಿಗೆ ಕಾನೂನಿನ ಕಟ್ಟುಪಾಡಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಈ ವೃತ್ತಿ ಮಾಡಬಹುದು. ನೋಂದಣಿಯಿಲ್ಲದೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪ್ರತಿಯೊಬ್ಬರಿಗೂ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳುವುದು ಅವಮಾನ ಮಾಡಿದಂತಲ್ಲ, ರೋಗಿಯ ಹಕ್ಕು.

ಒಂದು ವಿಷಯ ಗಮನಿಸಿ. ತೊದಲು, ಮಕ್ಕಳ ಮಾತು ತಡವಾಗುವುದು, ಸೀಳುತುಟಿ, ಲಕ್ವದ ನಂತರ ಮಾತು ಹೋಗುವುದು, ಕಿವುಡು ಎಲ್ಲವೂ ಇವರ ಕೆಲಸವೇ. ಧ್ವನಿ ಅದರಲ್ಲಿ ಒಂದು ಭಾಗ. ಹಾಗಾಗಿ ಧ್ವನಿಯ ರೋಗಿಗಳನ್ನು, ಅದರಲ್ಲೂ ಹಾಡುಗಾರರನ್ನು ನೋಡಿದ ಅನುಭವವಿದೆಯೇ ಎಂದು ಕೇಳಿಕೊಳ್ಳಬೇಕು.

ಚಿಕಿತ್ಸೆ ನಡೆಯುವುದು ಹೀಗೆ. ದಿನಕ್ಕೆಷ್ಟು ಮಾತು, ಎಷ್ಟು ನೀರು, ಯಾವ ಶ್ರುತಿ ಎಂದು ವಿಚಾರಿಸುತ್ತಾರೆ. ಒಂದೇ ಉಸಿರಿನಲ್ಲಿ ‘ಆ’ ಎಂದು ಎಳೆಯಲು ಹೇಳಿ ಸೆಕೆಂಡು ಎಣಿಸುತ್ತಾರೆ, ದನಿಯನ್ನು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. ಆಮೇಲೆ ಉಸಿರಿನ ಅಭ್ಯಾಸ, ಬಾಯಿ ಮುಚ್ಚಿ ಗುನುಗುವುದು, ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ದನಿ ಮಾಡುತ್ತಾ ಊದುವುದು. ಹಲವು ವಾರ ಬರಬೇಕು, ದಿನವೂ ಮನೆಯಲ್ಲಿ ಮಾಡಬೇಕು. ಧ್ವನಿತಂತುವಿನ ಗಂಟುಗಳಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಇದೇ, ಶಸ್ತ್ರಕ್ರಿಯೆಯಲ್ಲ. ಪ್ರಾಯಕ್ಕೆ ಬಂದರೂ ದನಿ ಒಡೆಯದೆ ಹೆಣ್ಣುದನಿಯಲ್ಲೇ ಉಳಿದ ಹುಡುಗರನ್ನು ಊರು ಗೇಲಿ ಮಾಡುತ್ತದೆ, ಮನೆಯವರು ಮುಚ್ಚಿಡುತ್ತಾರೆ. ವೈದ್ಯರು ಪರೀಕ್ಷಿಸಿ ಬೇರೆ ತೊಂದರೆಯಿಲ್ಲ ಎಂದ ಮೇಲೆ, ಅಂಥವರ ದನಿ ಎಷ್ಟೋ ಸಲ ಕೆಲವೇ ಭೇಟಿಗಳ ಥೆರಪಿಯಲ್ಲಿ ಸರಿಹೋಗುತ್ತದೆ. ಇದು ಪ್ರತಿ ಮನೆಗೂ ಗೊತ್ತಿರಬೇಕಾದ ಮಾತು.

ಗಾಯನ ಗುರುಗಳ ಹಿನ್ನೆಲೆ

ಹಾಡು ಕಲಿಸಲು ಯಾವ ನೋಂದಣಿಯೂ ಬೇಕಿಲ್ಲ. ಗುರುಗಳು ಎರಡು ದಾರಿಯಿಂದ ಬರುತ್ತಾರೆ. ಮೊದಲನೆಯದು ಗುರುಮುಖೇನ ವರ್ಷಗಟ್ಟಲೆ ಕಲಿತ ಪರಂಪರೆ. ಬೆಳಗಾವಿಯ ಹಾರ್ಮೋನಿಯಂ ಗುರು ಪಂಡಿತ ರಾಮಭಾವು ವಿಜಾಪುರೆ ಅವರ ಹೆಸರು ಇಂದಿಗೂ ಉಳಿದಿರುವುದು ದಶಕಗಳ ಕಾಲ ಅವರು ಕಲಿಸಿದ ಶಿಷ್ಯರಿಂದ. ಎರಡನೆಯದು ಪರೀಕ್ಷೆ ಮತ್ತು ಪದವಿ. ಈ ಭಾಗದ ಮಕ್ಕಳು ಕಟ್ಟುವ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳ ಮೂಲ, ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ತೆರೆದ ಶಾಲೆ. ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ ಏಳು ಮೆಟ್ಟಿಲು, ಅದರ ಮೇಲೆ ಅಲಂಕಾರ. ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬೇರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಬೆಳಗಾವಿಯ ಕೆಎಲ್‌ಇ ಸಂಗೀತ ಶಾಲೆಯಲ್ಲೂ ಸಂಗೀತದ ಓದಿಗೆ ಅವಕಾಶವಿದೆ.

ಈ ಪರೀಕ್ಷೆಗಳು ಅಳೆಯುವುದು ರಾಗ, ತಾಳ, ಬಂದಿಶ್, ಆಲಾಪದ ತಿಳಿವಳಿಕೆಯನ್ನು. ಒಳ್ಳೆಯ ಗುರು ಶಿಷ್ಯನಿಗೆ ಒಪ್ಪುವ ಶ್ರುತಿ ಹಿಡಿಯುತ್ತಾರೆ, ಉಸಿರು ತಿದ್ದುತ್ತಾರೆ, ದನಿ ದಣಿದದ್ದನ್ನು ಕಿವಿಯಿಂದಲೇ ಗುರುತಿಸುತ್ತಾರೆ. ಅದು ದೊಡ್ಡ ವಿದ್ಯೆ. ಆದರೆ ಧ್ವನಿತಂತುವಿನ ಕಾಯಿಲೆ ಪತ್ತೆಹಚ್ಚುವ ತರಬೇತಿ ಅವರಿಗಿರುವುದಿಲ್ಲ. ಖರ್ಜ ಸಾಧನೆ (ಕೆಳಸ್ಥಾಯಿಯ ಅಭ್ಯಾಸ) ಮಾಡಿದರೆ ಗಂಟು ಕರಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ವೈದ್ಯರು ಮತ್ತು ಗುರುಗಳ ಕೆಲಸದ ಗಡಿಯನ್ನು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಬದುಕು ತೋರಿಸಿಕೊಡುತ್ತದೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಮುಂಬಯಿಯ ಬಿ.ಆರ್. ದೇವಧರರ ಶಿಷ್ಯರಾದರು. ದೇವಧರರು ಪಲುಸ್ಕರರ ಶಿಷ್ಯರು, ಧ್ವನಿಸಾಧನೆಯನ್ನು ಶಾಸ್ತ್ರವಾಗಿ ಅಭ್ಯಸಿಸಿದ ಅಪರೂಪದ ಗುರು. ಯೌವನದಲ್ಲಿ ಕುಮಾರರಿಗೆ ಕ್ಷಯ ತಗಲಿತು. ವೈದ್ಯರು ಹಾಡಬಾರದೆಂದರು. ಅವರು ವರ್ಷಗಟ್ಟಲೆ ಹಾಡಲಿಲ್ಲ. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಚೇತರಿಸಿಕೊಂಡು 1953ರಲ್ಲಿ ಮತ್ತೆ ವೇದಿಕೆ ಏರಿದಾಗ ಅವರ ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸಕ್ಕೆ ಬಾರದಂತಾಗಿತ್ತು. ದೇಹವನ್ನು ಉಳಿಸಿದ್ದು ಔಷಧ. ಉಳಿದ ಉಸಿರಿನಲ್ಲೇ ಹೊಸ ಗಾಯನ ಶೈಲಿ ಕಟ್ಟಿದ್ದು ಸಂಗೀತದ ವಿದ್ಯೆ.

ಕೇಳಬೇಕಾದ ಪ್ರಶ್ನೆಗಳು

1. ಚಿಕಿತ್ಸಕರಿಗೆ: ನಿಮ್ಮ ಪದವಿ ಯಾವುದು, ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಯಾವುದು?
2. ಚಿಕಿತ್ಸಕರಿಗೆ: ಇಎನ್‌ಟಿ ವರದಿ ನೋಡಿದ ಮೇಲೆಯೇ ಥೆರಪಿ ಶುರುಮಾಡುತ್ತೀರಾ? (ಹೌದು ಎನ್ನಬೇಕು.)
3. ಗುರುಗಳಿಗೆ: ಯಾರ ಬಳಿ, ಎಷ್ಟು ವರ್ಷ ಕಲಿತಿರಿ? ನಿಮ್ಮ ಶಿಷ್ಯರ ಹಾಡು ಕೇಳಬಹುದೇ?
4. ಗುರುಗಳಿಗೆ: ದನಿ ಒಡೆಯುವ ವಯಸ್ಸಿನ ಹುಡುಗನಿಗೆ ಶ್ರುತಿ ಇಳಿಸಿ ಕಲಿಸುತ್ತೀರಾ?
5. ಇಬ್ಬರಿಗೂ: ನೋವಾದರೆ ಏನು ಮಾಡಬೇಕು? ‘ನಿಲ್ಲಿಸಿ’ ಎನ್ನುವವರನ್ನು ನಂಬಿ, ‘ತಡೆದುಕೊಂಡು ಹಾಡಿ’ ಎನ್ನುವವರನ್ನಲ್ಲ.

ಖಾನಾಪುರದವರಿಗೆ

ಖಾನಾಪುರದವರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಬೆಳಗಾವಿಯ ಬಿಮ್ಸ್‌ಗೆ ಬರಬಹುದು. ಬಸ್ಸೂ ರೈಲೂ ಇವೆ. 18 ವರ್ಷದೊಳಗಿನ ಮಕ್ಕಳ ಮಾತಿನ ತೊಂದರೆಗಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತವಾಗಿ ನೋಡುತ್ತಾರೆ. ಶಾಲೆಗೂ ಅಂಗನವಾಡಿಗೂ ಬರುವ ಆ ತಂಡಕ್ಕೆ ಮಗುವಿನ ದನಿಯ ವಿಷಯವನ್ನೂ ಹೇಳಿ. ಥೆರಪಿ ಮನೆಮಾತಿನಲ್ಲೇ ನಡೆಯಬೇಕು. ಮನೆಯಲ್ಲಿ ಮರಾಠಿಯೋ ಕೊಂಕಣಿಯೋ ಆಡುವವರು ಅದನ್ನು ಮೊದಲೇ ತಿಳಿಸಿ. ವಾರವಾರ ಬರಲಾಗದವರು ಅಭ್ಯಾಸಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ನಡುನಡುವೆ ವಿಡಿಯೋ ಕರೆಯಲ್ಲಿ ತೋರಿಸಲಾಗುತ್ತದೆಯೇ ಎಂದು ವಿಚಾರಿಸಿ.

ಕೊನೆಗೆ ಸಂಗೀತ ಗುರುಗಳಲ್ಲಿ ಒಂದು ಪ್ರಾರ್ಥನೆ. ಶಿಷ್ಯರ ದನಿಯನ್ನು ಡಾಕ್ಟರಿಗಿಂತ ಎಷ್ಟೋ ಮೊದಲು ಕೇಳುವವರು ನೀವು. ಗೊಗ್ಗರು ಹೋಗುತ್ತಿಲ್ಲ ಎಂದು ಕಂಡ ದಿನ ರಿಯಾಜ್ ನಿಲ್ಲಿಸಿ, ಇಎನ್‌ಟಿ ವೈದ್ಯರಿಗೆ ತೋರಿಸಲು ಹೇಳಿ. ಆ ಒಂದು ಮಾತಿನಿಂದ ನಿಮ್ಮ ವಿದ್ಯೆಗೆ ಕುಂದಿಲ್ಲ. ಶಿಷ್ಯರು ಇನ್ನೂ ಹಲವು ವರ್ಷ ಹಾಡುತ್ತಾರೆ.